ಆಟಕ್ಕೆ ಕಟ್ಟಿದ ಕಾಪು

ಬೇವನಳ್ಳಿಯ ಅಶ್ವತ್ಥನಿಗೆ ಇಡೀ ಜನ್ಮದಲ್ಲಿ ಒಂದೇ ಒಂದು ಸಲ ಮುಂದಾಲೋಚನೆ ಮಾಡಬೇಕೆಂಬ ಬುದ್ಧಿ ಬಂತು. ಆ ಬುದ್ಧಿಯಿಂದಲೇ ಅವನ ಮದುವೆ ಕೆಟ್ಟುಹೋಗುವುದರಲ್ಲಿತ್ತು.

ಮನುಷ್ಯ ಕೆಟ್ಟವನಲ್ಲ. ತಮಿಳುನಾಡಿನ ಧರ್ಮಪುರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಫ್ಲೆಕ್ಸ್ ಬ್ಯಾನರ್ ಪ್ರಿಂಟು ಮಾಡುವ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವುದು ಅವನ ಉದ್ಯೋಗ. ಕಿವಿ ಚುಚ್ಚಿಸಿಕೊಳ್ಳುವ ಕೂಸಿನ ತಲೆಗೆ ಕಿರೀಟ ಇಡುವುದು, ತೀರಿಕೊಂಡವರ ಮುಖಕ್ಕೆ ಅಷ್ಟಿಷ್ಟು ನಗು ತರುವುದು, ಮದುಮಗನ ಹೊಟ್ಟೆ ಕರಗಿಸುವುದು, ಇವೆಲ್ಲ ಅವನಿಗೆ ಎಡಗೈ ಕೆಲಸ. ವಯಸ್ಸು ಮೂವತ್ತನಾಲ್ಕು. ಮನೆಯಲ್ಲಿ ತಾಯಿ ಮಂಜುಳಮ್ಮ, ಒಂದು ಎಮ್ಮೆ, ಸ್ವಲ್ಪ ಮರಗೆಣಸಿನ ಹೊಲ. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಸಂಬಳ ಎಷ್ಟು ಎಂದು ಕೇಳಿ, ಕಾಫಿ ಕೊಟ್ಟು, ಆಮೇಲೆ ಹೇಳಿಕಳಿಸುತ್ತೇವೆ ಎಂದಿದ್ದರು. ನಾಲ್ಕು ಮನೆಯವರು ಹಾಗೆಂದರು, ಯಾರೂ ಹೇಳಿಕಳಿಸಲಿಲ್ಲ.

ಐದನೆಯದು ತಾರಮಂಗಲದ ಮುತ್ತುಸ್ವಾಮಿಯ ಮನೆ. ಮುತ್ತುಸ್ವಾಮಿ ಪವರ್‌ಲೂಮ್ ಇಟ್ಟುಕೊಂಡ ಗಟ್ಟಿ ಕುಳ. ಮಗಳು ಇಂದುಜಾ ಸೇಲಂನ ಆಸ್ಪತ್ರೆಯೊಂದರಲ್ಲಿ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ಆ ಮನೆಯವರು ಕಾಫಿಯ ಜೊತೆ ಕೇಸರಿಬಾತನ್ನೂ ಕೊಟ್ಟು, ಅಲ್ಲೇ ಒಪ್ಪಿಗೆ ಹೇಳಿದ್ದರು. ಬರುವ ಭಾನುವಾರ ತಾರಮಂಗಲದಲ್ಲಿ ನಿಶ್ಚಿತಾರ್ಥ.

"ಅಲ್ಲೀಗಂಟ ಒಂದೂ ಕೋಡಂಗಿ ಕೆಲ್ಸ ಮಾಡ್ಬ್ಯಾಡ ಕಣಪ್ಪ," ಎಂದು ಮಂಜುಳಮ್ಮ ಮಗನ ಗಲ್ಲ ಹಿಡಿದು ಕೇಳಿಕೊಂಡಿದ್ದರು.

ಅಶ್ವತ್ಥ ಮನಸಾರೆ ಒಪ್ಪಿದ್ದ. ತಾನು ಮಾಡಲು ಹೊರಟದ್ದು ಕೋಡಂಗಿ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ವಿಷಯ ಇಷ್ಟು. ಕಳೆದ ವರ್ಷ ಸೇಲಂನ ಕೆಲವು ಕಾಲೇಜು ಹುಡುಗರು ಅವನ ಅಂಗಡಿಗೆ ಒಂದು ನಕ್ಷೆ ಪ್ರಿಂಟು ಮಾಡಿಸಲು ಬಂದರು. ಆ ನಕ್ಷೆಯಲ್ಲಿದ್ದ ಊರು ಯಾವ ಜಿಲ್ಲೆಯಲ್ಲೂ ಇರಲಿಲ್ಲ. ಕೇಳಿದರೆ ಅದೊಂದು ಆಟ ಎಂದರು. ಮೇಜಿನ ಸುತ್ತ ಕೂರುವುದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ಒಬ್ಬ ವೀರ, ಒಬ್ಬ ಕಳ್ಳ, ಒಬ್ಬಳು ಮಾಂತ್ರಿಕಳು. ಮುಂದೇನು ಮಾಡುತ್ತೀರಿ ಎಂದು ಕಥೆಯವನು ಕೇಳಿದರೆ ಇವರು ಪಾತ್ರದ ಬಾಯಲ್ಲಿ ಉತ್ತರ ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಒಂದು ಮಧ್ಯಾಹ್ನ ಅವರ ಜೊತೆ ಕೂತೆದ್ದ ಅಶ್ವತ್ಥ, ಬೇವನಳ್ಳಿಯಲ್ಲಿ ತಾನೇ ಕಥೆ ನಡೆಸುವವನಾಗಬೇಕೆಂದು ತೀರ್ಮಾನಿಸಿ ಬಸ್ಸು ಹತ್ತಿದ.

ಆಟಗಾರರು ಸಿಕ್ಕಿದರು. ಹೊಗೆನಕಲ್‌ನಲ್ಲಿ ಮೀನು ಹುರಿದು ಮಾರುವ ನಾರಪ್ಪ, ಲಾರಿ ಓಡಿಸುವ ಶೇಖರ್, ಮತ್ತು ಶೇಖರನ ಹೆಂಡತಿ ಮೇನಕಾ. ಮೇನಕಾ ಬಂದದ್ದು ಗಂಡ ಭಾನುವಾರ ನಿಜವಾಗಿ ಎಲ್ಲಿಗೆ ಹೋಗುತ್ತಾನೆಂದು ನೋಡಲು. ಮೊದಲ ಆಟದಲ್ಲಿ ಛತ್ರದ ಮುದುಕನೊಬ್ಬ ಬಂದು "ಊಟ ಆಯಿತಾ" ಎಂದು ವಿಚಾರಿಸಿದ. ನಾರಪ್ಪ ಅವನ ತಲೆ ಕಡಿದ. ಶೇಖರ್ ರಾಜನ ಕುದುರೆಯನ್ನು ರಾಜನಿಗೇ ಮಾರಿದ. ಮೇನಕಾ ಆಟ ಮುಗಿಯುವವರೆಗೂ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಳು. ಮೂರು ತಿಂಗಳು ಕೂತು ಕಟ್ಟಿದ್ದ ಕಥೆ ಅರ್ಧ ಗಂಟೆಯಲ್ಲಿ ಮಣ್ಣುಪಾಲಾಯಿತು.

ಆಗ ಅಶ್ವತ್ಥ ಮೊಬೈಲಿನಲ್ಲಿ ಓದಿ ತಿಳಿದುಕೊಂಡ. ಇಂಥ ಆಟಕ್ಕೆ ಮುಂಚೆ ಎಲ್ಲರನ್ನೂ ಕೂರಿಸಿ, ನಮ್ಮದು ಯಾವ ಬಗೆಯ ಆಟ, ಯಾರಿಂದ ಯಾರು ಏನು ನಿರೀಕ್ಷಿಸಬಹುದು ಎಂದು ಬಾಯಿಬಿಟ್ಟು ಮಾತಾಡಿಕೊಳ್ಳಬೇಕಂತೆ. ಅವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಕೂಡಲೇ ಅದನ್ನೇ ತಮಿಳಿನಲ್ಲಿ ಒಂದು ದೊಡ್ಡ ಫ್ಲೆಕ್ಸ್ ಮಾಡಿದ. "ಇಲ್ಲಿ ಗೆಲುವಿಲ್ಲ, ಸೋಲಿಲ್ಲ. ಕತ್ತಿಗಿಂತ ಮಾತು ಮೇಲು. ವೇಷ ಹಾಕಿದವನು ವೇಷದಂತೆಯೇ ನಡೆಯಬೇಕು." ಕೆಳಗೆ ನಾಲ್ವರ ಫೋಟೋ, ನಾರಪ್ಪನ ಕೈಗೆ ಕತ್ತಿ, ಮೇನಕಾಳ ತಲೆಯ ಹಿಂದೆ ಸೂರ್ಯ. ಮನೆಯ ಜಗಲಿ ಗೋಡೆಗೆ ಹಾಕಬೇಕೆಂದು ಸುತ್ತಿ ತಂದಿಟ್ಟ.

ನಿಶ್ಚಿತಾರ್ಥಕ್ಕೆ ವಾರ ಮುಂಚಿನ ಭಾನುವಾರ ಬೆಳಿಗ್ಗೆ ಮೂವರೂ ಜಗಲಿಯ ಮೇಲೆ ಕೇರಂ ಬೋರ್ಡಿನ ಸುತ್ತ ಕೂತರು. ಅಶ್ವತ್ಥ ಮಾತ್ರ ನಿಂತ. ನಿರೀಕ್ಷೆಗಳನ್ನು ಕೂತು ಹೇಳಿದರೆ ತೂಕ ಬರುವುದಿಲ್ಲವೆಂದು ಅವನ ಅಭಿಪ್ರಾಯ.

"ಇವತ್ತು ಆಟ ಇಲ್ಲ," ಅಂದ.

"ಅಂಗಾದ್ರೆ ನಾ ಓಯ್ತೀನಿ. ಅಂಗ್ಡೀಲಿ ಎಂಡ್ರು ಒಬ್ಳೇ ಅವ್ಳೆ," ಎಂದು ನಾರಪ್ಪ ಎದ್ದ.

"ಕೂತ್ಕಳ್ಳಲೇ. ಇವತ್ತು ಬರೀ ಒಪ್ಪಂದ. ಯಾರು ಎಂಗಿರ್ಬೇಕು ಅಂತ ಮಾತಾಡ್ಕಂಡ್ಮೇಲೇ ಆಟ."

"ಇಸ್ಪೀಟ್ ಆಡಕ್ಕೆ ಯಾರಾನ ಒಪ್ಪಂದ ಮಾಡ್ಕತಾರಾ?" ಎಂದು ಶೇಖರ್ ಕೇಳಿದ.

"ಇದು ಇಸ್ಪೀಟಲ್ಲ. ಇದ್ರಲ್ಲಿ ಗೆಲ್ಲೋದಿಲ್ಲ, ಸೋಲೋದೂ ಇಲ್ಲ."



"ಮತ್ಯಾಕಣ್ಣ ಆಡ್ಬೇಕು?" ಎಂದು ಮೇನಕಾ ಕೇಳಿದಳು.

"ಕತೆಗೋಸ್ಕರ ಆಡ್ಬೇಕಮ್ಮ. ನೋಡಲೇ ನಾರಪ್ಪ, ಮೀನ್ ಮಾರೋ ನಾರಪ್ಪ ಇಲ್ಲಿ ಬರಂಗಿಲ್ಲ. ಇಲ್ಲಿ ಬರೋನು ವೀರಕೇಸರಿ. ವೀರಕೇಸರಿ ಏನ್ ಮಾತಾಡ್ತಾನೋ ಅದ್ನೇ ನೀನು ಮಾತಾಡ್ಬೇಕು."

"ಅವ್ನು ಏನ್ ಮಾತಾಡ್ತಾನೆ?"

"ಅದ್ನ ನೀನ್ ಯೋಳ್ಬೇಕು."

"ನಂಗೇನ್ ಗೊತ್ತು, ನಾನ್ ಮೀನ್ ಮಾರೋನು."

ಅಶ್ವತ್ಥ ಉಸಿರು ಬಿಟ್ಟು ಮುಂದುವರಿದ. "ಯಾರನ್ನ ಕಂಡ್ರೂ ಕಂಡ ತಕ್ಷಣ ಕಡೀಬಾರ್ದು. ಮೊದ್ಲು ಮಾತಾಡ್ಬೇಕು."

"ಮಾತಾಡಿದ್ಮೇಲೆ ಕಡೀಬೋದಾ?"

"ಮಾತಾಡಿದ್ಮೇಲೆ ಕಡೀಬೇಕು ಅಂತ ಅನ್ಸಲ್ಲ ಕಣಲೇ, ಅದೇ ಈ ಆಟ."

"ಆಯ್ತು," ಎಂದ ನಾರಪ್ಪ. ಹೇಳಿದ್ದಕ್ಕೆಲ್ಲ ಆಯ್ತು ಎಂದ. ನಾರಪ್ಪನ ಆಯ್ತು ಎಂಥದೆಂದು, ಖಾರ ಕಡಿಮೆ ಹಾಕಿ ಎಂದು ಅವನ ಅಂಗಡಿಯಲ್ಲಿ ಕೇಳಿಕೊಂಡ ಪ್ರವಾಸಿಗಳಿಗೆಲ್ಲ ಗೊತ್ತು. ಅಶ್ವತ್ಥನಿಗೂ ಗೊತ್ತಿತ್ತು. ಬಾಯಿ ಮಾತು ಸಾಲದು, ಇವರು ನೋಡಿದಾಗೆಲ್ಲ ಒಪ್ಪಿದ್ದು ನೆನಪಾಗುವಂಥದು ಏನಾದರೂ ಬೇಕು ಅನ್ನಿಸಿತು. ಮುಂದಾಲೋಚನೆ ಎಂದೆನಲ್ಲ, ಅದು ಇದೇ.

ಒಳಗೆ ಹೋದ. ದೇವರ ಗೂಡಿನಲ್ಲಿ ಅರಿಸಿನ ಹಚ್ಚಿದ ದಾರದ ಉಂಡೆಯೊಂದಿತ್ತು. ತಂದು ಮೂವರ ಬಲಗೈಗೂ ಕಟ್ಟಿದ. ತನ್ನ ಕೈಗೆ ಮೇನಕಾಳಿಂದ ಕಟ್ಟಿಸಿಕೊಂಡ. ಆಮೇಲೆ ಗಂಭೀರವಾಗಿ, "ಈ ಕತೆ ಮುಗಿಯೋಗಂಟ ಇದು ಕೈಲಿರ್ಲಿ," ಅಂದ.

ಅದೇ ಹೊತ್ತಿಗೆ ಮಂಜುಳಮ್ಮ ಎಮ್ಮೆಯ ಹಾಲು ಕರೆದುಕೊಂಡು ಕೊಟ್ಟಿಗೆಯಿಂದ ಬಂದರು. ನಾಲ್ಕು ಕೈ ನೋಡಿದರು. ಹಾಲಿನ ಚೆಂಬನ್ನು ಮೆಲ್ಲಗೆ ಕೆಳಗಿಟ್ಟರು.

"ಅದ್ಯಾವ್ ದಾರಲಾ?"

"ದೇವ್ರ ಗೂಡಲ್ಲಿತ್ತಲ್ಲಮ್ಮ."

"ಅದು ಮಾರಮ್ಮನ ಗುಡೀದು ಕಣೋ. ಕಾಪು ಕಟ್ಟಿ ಉಳಿದಿದ್ದು," ಎಂದವರೇ ಮಂಜುಳಮ್ಮ ಅಲ್ಲೇ ಕೂತುಬಿಟ್ಟರು.

ಬೇವನಳ್ಳಿಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಮಾರಮ್ಮನ ಹಬ್ಬ ಹಿಡಿದಾಗ ಹರಕೆಯವರ ಕೈಗೆ ಕಟ್ಟುವ ದಾರ ಅದು. ಕಟ್ಟಿಸಿಕೊಂಡವರು ಅದನ್ನು ಬಿಚ್ಚುವ ತನಕ ಊರ ಗಡಿಯಾಚೆ ರಾತ್ರಿ ತಂಗುವಂತಿಲ್ಲ, ಮೀನು ಮಾಂಸ ಮುಟ್ಟುವಂತಿಲ್ಲ, ಮದುವೆ ನಿಶ್ಚಿತಾರ್ಥಗಳ ಮಾತೇ ಎತ್ತುವಂತಿಲ್ಲ. ಹಿಂದೆ 'ಕೂತು' ಎಂಬ ಆ ಕಡೆಯ ಬಯಲಾಟ ಆಡುವವರೂ ಮಹಾಭಾರತದ ಪಾತ್ರ ಕಟ್ಟುವ ಮುಂಚೆ ಹೀಗೇ ಕಾಪು ಕಟ್ಟಿಸಿಕೊಳ್ಳುತ್ತಿದ್ದರು.

ಪಕ್ಕದ ಮನೆಯ ಪುಟ್ಟಪ್ಪನಿಗೆ ಕರೆ ಹೋಯಿತು. ಪುಟ್ಟಪ್ಪ ಅಶ್ವತ್ಥನಿಗೆ ದೊಡ್ಡಪ್ಪ, ಊರಿಗೆ ಕಾಪು ಕಟ್ಟುವ ಹಿರಿಯ, ಪ್ರಾಯದಲ್ಲಿ ಕೂತಿನಲ್ಲಿ ದುರ್ಯೋಧನನ ವೇಷ ಹಾಕಿದ್ದವರು. ಆ ವೇಷದ ಗತ್ತು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಕಟ್ಟೋವಾಗ ಏನಂದೆ?"

"ಕತೆ ಮುಗಿಯೋಗಂಟ ಕೈಲಿರ್ಲಿ ಅಂದೆ ದೊಡ್ಡಪ್ಪ."

"ಇವ್ರು ಒಪ್ಕಂಡು ಕಟ್ಟಿಸ್ಕಂಡ್ರಾ?"

"ಒಪ್ಕಂಡಿದ್ದಕ್ಕೇ ಕಟ್ಟಿದ್ದು."

"ಮೂಡಲಕ್ಕೆ ಮುಖ ಮಾಡ್ಕಂಡ್ ಕೂತಿದ್ರಾ?"

"ನಮ್ ಜಗ್ಲಿನೇ ಮೂಡಲಕ್ಕೈತಲ್ಲ ದೊಡ್ಡಪ್ಪ."

"ಮತ್ತಿನ್ನೇನು. ನಾ ಕಟ್ಟಿದ್ರೂ ಇಷ್ಟ್ ಸರಿಯಾಗಿ ಕಟ್ತಿರ್ಲಿಲ್ಲ," ಎಂದರು ಪುಟ್ಟಪ್ಪ. ಅವರ ದನಿಯಲ್ಲಿ ಸ್ವಲ್ಪ ಮೆಚ್ಚುಗೆಯೂ ಇತ್ತು.

"ಕತ್ರೀಲಿ ಕತ್ರಿಸ್ಬಿಟ್ರೆ?" ಎಂದು ಅಶ್ವತ್ಥ ಸಣ್ಣಗೆ ಕೇಳಿದ. ಮಂಜುಳಮ್ಮ ಎರಡೂ ಕಿವಿ ಮುಚ್ಚಿಕೊಂಡರು.

"ಯಾವ್ದಕ್ ಕಟ್ಟಿದ್ಯೋ ಅದು ಮುಗುದ್ರೆ ನಾನೇ ಬಿಚ್ತೀನಿ," ಎಂದರು ಪುಟ್ಟಪ್ಪ. " ಯಾವಾಗ್ ಮುಗೀತೈತೆ ನಿನ್ ಕತೆ?"

ಅಶ್ವತ್ಥ ನೆಲ ನೋಡಿದ. ಆ ಕಥೆ ಅವನ ಬದುಕಿನ ದೊಡ್ಡ ಕಥೆ; ಏಳು ರಾಜ್ಯ, ಒಂದು ಸಮುದ್ರ, ಕೊನೆಗೆ ಕಣಿವೆ ರಾಣಿ.

"ವಾರಕ್ಕೊಂದ್ ದಿನ ಆಡಿದ್ರೆ... ಒಂದೂವರೆ ವರ್ಸ."

ಮಂಜುಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ವಾರ ಬೇವನಳ್ಳಿಯಲ್ಲಿ ನೆಮ್ಮದಿಯಾಗಿದ್ದವಳು ಮೇನಕಾ ಒಬ್ಬಳೇ. ಹೊಸೂರಿಗೆ ಲೋಡು ಹೊಡೆದರೂ ಶೇಖರ್ ಅಲ್ಲಿ ತಂಗುವಂತಿಲ್ಲದೆ, ತೊಪ್ಪೂರು ಘಾಟಿಯಾಚೆಯ ದೂರದ ಬಾಡಿಗೆಗಳನ್ನೆಲ್ಲ ಬಿಟ್ಟು, ಪ್ರತಿ ಸಂಜೆ ಓಡಿಬಂದು ಮನೆಯಲ್ಲಿ ಉಣ್ಣುತ್ತಿದ್ದ. ಮದುವೆಯಾದ ಮೇಲೆ ಗಂಡನ ಮುಖವನ್ನು ಇಷ್ಟು ನೋಡಿದ್ದು ಇದೇ ಮೊದಲು ಎಂದು ಅವಳು ಬೀದಿಗೆಲ್ಲ ಹೇಳಿದಳು. ನಾರಪ್ಪನ ಪಾಡು ಬೇರೆ. ಮೀನು ಮುಟ್ಟುವಂತಿಲ್ಲವಾದ್ದರಿಂದ ಅವನು ಹೊಗೆನಕಲ್‌ನಲ್ಲಿ ಮೆಣಸಿನಕಾಯಿ ಬಜ್ಜಿ ಹಾಕಿದ. ಜಲಪಾತದಲ್ಲಿ ಮಿಂದು ಹಸಿದು ಬಂದವರು ಬಾಣಲೆಯೊಳಗೆ ಇಣುಕಿ, ಮೀನೆಲ್ಲಿ ಎಂದು ಕೇಳಿ, ಪಕ್ಕದ ಅಂಗಡಿಗೆ ನಡೆದರು. ನಾರಪ್ಪ ದಿನಾ ಸಂಜೆ ಬಂದು ಅಶ್ವತ್ಥನ ಮನೆ ಮುಂದೆ ಸುಮ್ಮನೆ ನಿಂತು ಹೋಗುತ್ತಿದ್ದ. ಬೈದಿದ್ದರೆ ವಾಸಿಯಿತ್ತು.

ಇಷ್ಟು ಸಾಲದೆಂಬಂತೆ ಶೇಖರ್ ಒಂದು ಉಪಕಾರ ಮಾಡಿದ. ಜಗಲಿಯ ಮೂಲೆಯಲ್ಲಿ ಸುತ್ತಿಟ್ಟಿದ್ದ ಫ್ಲೆಕ್ಸನ್ನು ನೋಡಿ, ಪಾಪ, ಕಟ್ಟಲು ಪುರಸತ್ತಿಲ್ಲದೆ ಬಿಟ್ಟಿದ್ದಾನೆಂದುಕೊಂಡು, ಲಾರಿಯ ಹಗ್ಗ ತಂದು ಬಸ್ ಸ್ಟಾಪಿನಲ್ಲಿ ಎತ್ತರಕ್ಕೆ ಕಟ್ಟಿದ. ಫ್ಲೆಕ್ಸ್ ಎನ್ನುವುದು ಬಸ್ ಸ್ಟಾಪಿಗಲ್ಲದೆ ಮನೆ ಗೋಡೆಗೂ ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಕಾನ್ಸ್‌ಟೇಬಲ್ ಕರಿಯಪ್ಪ ಬೈಕಿನಲ್ಲಿ ಬಂದಿಳಿದ. ಅನುಮತಿಯಿಲ್ಲದೆ ಬ್ಯಾನರ್ ಕಟ್ಟಿದ್ದು ಒಂದು ತಪ್ಪು. ಆದರೆ ಅವನನ್ನು ಕಾಡುತ್ತಿದ್ದದ್ದು ಬೇರೆ.

"ಇದು ಎಂತ ಕಟ್ಚಿ? ಯಾವ ಪಾರ್ಟಿ?" ಎಂದು ಕೇಳಿದ.

"ಪಾರ್ಟಿ ಅಲ್ಲ ಸಾರ್. ಆಟ."

"ಗೆಲುವಿಲ್ಲ ಸೋಲಿಲ್ಲ ಅಂತ ಬರ್ದಿದೀರ. ಎಲೆಕ್ಷನ್‌ಗೆ ನಿಲ್ಲಲ್ವಾ?"

"ಇಲ್ಲ ಸಾರ್."

"ಕತ್ತಿ ಇಡ್ಕಂಡಿರೋ ಈ ಆಳು ಯಾರು?"

"ಮೀನ್ ಮಾರ್ತಾನೆ ಸಾರ್. ಈಗ ಬಜ್ಜಿ ಮಾರ್ತಾನೆ."

ಕರಿಯಪ್ಪ ಬ್ಯಾನರನ್ನೂ ಅಶ್ವತ್ಥನ ಕೈಯ ದಾರವನ್ನೂ ಬಹಳ ಹೊತ್ತು ನೋಡಿದ. ಹೊಸ ಪಾರ್ಟಿಯವರು ಮೊದಲು ಹೀಗೇ ಇಲ್ಲ ಎನ್ನುತ್ತಾರೆಂದು ಅವನ ಸರ್ವೀಸು ಅವನಿಗೆ ಕಲಿಸಿತ್ತು. ಬ್ಯಾನರ್ ಬಿಚ್ಚಿಸಿ, ಯಾವುದಕ್ಕೂ ಇರಲಿ ಎಂದು "ನಮ್ಮನ್ನ ಮರೀಬ್ಯಾಡಿ" ಎಂದು ಕೈ ಕುಲುಕಿ ಹೋದ.

ಆದರೆ ಅಷ್ಟರಲ್ಲಿ ಬಸ್ಸಿನಲ್ಲಿ ಹೋದ ಯಾರೋ ಅದರ ಫೋಟೋ ಹಿಡಿದು, ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ತಾರಮಂಗಲ ಮುಟ್ಟಿತ್ತು. ಬುಧವಾರ ಮುತ್ತುಸ್ವಾಮಿಯ ಫೋನು ಬಂತು.

"ಏನ್ ಮಾಪ್ಳೆ, ಪಾರ್ಟಿ ಶುರು ಮಾಡಿದೀರಂತೆ, ಕೂತು ಕಟ್ತಿದೀರಂತೆ, ಕಾಪೂ ಕಟ್ಕಂಡಿದೀರಂತೆ. ಯಾವ್ದು ನಿಜ?"

"ಕಾಪು ಮಾತ್ರ ನಿಜ ಮಾವ," ಎಂದ ಅಶ್ವತ್ಥ. ಸುಳ್ಳು ಹೇಳಲು ಬಾರದವನ ಕಷ್ಟವೇ ಇದು.

"ಪಾರ್ಟಿ ಆಗಿದ್ರೆ ಪರವಾಗಿರ್ಲಿಲ್ಲ. ಕಾಪು ಇರೋ ಕೈಗೆ ನಾ ತಾಂಬೂಲ ಕೊಡಂಗಿಲ್ಲ. ಶನಿವಾರ ನಾನೇ ಬರ್ತೀನಿ. ಅಷ್ಟರಾಗೆ ದಾರ ಬಿಚ್ಚಿರ್ಬೇಕು. ಇಲ್ಲಾಂದ್ರೆ ಓಮಲೂರಿಂದ ಇನ್ನೊಂದ್ ಜಾತಕ ಬಂದೈತೆ, ನಾ ಅದ್ನ ನೋಡ್ಕತೀನಿ."

ಅಶ್ವತ್ಥನ ಮುಖ ನೋಡಿದ ಮಂಜುಳಮ್ಮ ನೇರವಾಗಿ ಪುಟ್ಟಪ್ಪನ ಮನೆಗೆ ನಡೆದರು. ಪುಟ್ಟಪ್ಪ ಯೋಚಿಸಿ ತೀರ್ಪು ಕೊಟ್ಟರು: ಕಥೆ ಮುಗಿಯಬೇಕು ತಾನೇ, ಶನಿವಾರ ಬೆಳಿಗ್ಗೆ ಕೂತು ಆಡಿ ಮುಗಿಸಲಿ. ತಾವು ಪಕ್ಕದಲ್ಲೇ ಇದ್ದು ನೋಡುವುದಾಗಿ ಹೇಳಿದರು.

ಶನಿವಾರ ಜಗಲಿಯ ಮುಂದೆ ಅರ್ಧ ಊರು ಸೇರಿತು. ಹೆಂಗಸರು ಅವರೆಕಾಯಿ ಬಿಡಿಸಲು ಮೊರ ತಂದಿದ್ದರು. ಪುಟ್ಟಪ್ಪ ಬೋರ್ಡಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಫ್ಲೆಕ್ಸನ್ನು ಕಣ್ಣೆದುರಿಗೆ ನೇತುಹಾಕಿಸಿದ್ದರು.

"ಏಳು ರಾಜ್ಯ ದಾಟಿದ್ರಿ," ಎಂದು ಅಶ್ವತ್ಥ ಒಂದೇ ಉಸಿರಿಗೆ ಶುರುಮಾಡಿದ. "ಸಮುದ್ರಾನೂ ದಾಟಿದ್ರಿ. ಈಗ ಕಣಿವೆಗ್ ಬಂದ್ರಿ."

"ತಡಿ. ಸಮುದ್ರ ಎಂಗ್ ದಾಟಿದ್ರು?" ಎಂದರು ಪುಟ್ಟಪ್ಪ.

"ಅರಿಗೋಲಲ್ಲಿ."

"ಸಮುದ್ರಾನ ಅರಿಗೋಲಲ್ಲಿ ದಾಟಕ್ಕಾಗ್ತೈತಾ?"

ಜನ ಎರಡು ಪಾಲಾದರು. ಹೊಗೆನಕಲ್ ಕಂಡವನೆಂದು ನಾರಪ್ಪನ ಸಾಕ್ಷಿ ಕೇಳಿದರು. ಅಲೆ ಇಲ್ಲದ ದಿನವಾದರೆ ದಾಟಬಹುದೆಂದು ನಾರಪ್ಪ ಹೇಳಿದ ಮೇಲೆ ಕಥೆ ಮುಂದೆ ಹೋಯಿತು.

"ಈ ಕಣಿವೆ ಅಂದ್ರೆ ನಮ್ ತೊಪ್ಪೂರ್ ಘಾಟಿ ಇದ್ದಂಗೆ. ಇದೊಂದೇ ದಾರಿ. ಕಣಿವೆ ರಾಣಿ ಅಡ್ಡ ನಿಂತವ್ಳೆ. ಯಾರನ್ನೂ ಬಿಡಲ್ಲ. ಅವ್ಳು ದಾರಿ ಬಿಟ್ರೆ ಕತೆ ಮುಗೀತು. ಏನ್ ಮಾಡ್ತೀರಾ?"

"ಕಡೀತೀನಿ," ಎಂದ ನಾರಪ್ಪ.

ಪುಟ್ಟಪ್ಪ ಊರುಗೋಲಿನಿಂದ ಫ್ಲೆಕ್ಸ್ ತೋರಿಸಿದರು. "ಮೊದ್ಲು ಮಾತಾಡು. ಕೈಲಿ ಕಾಪೈತೆ."

ನಾರಪ್ಪ ಗಂಟಲು ಸರಿಮಾಡಿಕೊಂಡ. "ಅಮ್ಮಾ ರಾಣಿ, ದಾರಿ ಬಿಡವ್ವ. ವಾರದಿಂದ ಮೀನಿಲ್ಲ, ಯಾಪಾರ ನಿಂತೋಗೈತೆ."

"ವೀರಕೇಸರಿಗೆ ಮೀನ್ಯಾಪಾರ ಎಲ್ಲಿಂದ ಬಂತು? ವೇಷ ಜಾರ್ತಾ ಐತೆ. ನೀನ್ ಆಮೇಲ್ ಬಾ," ಎಂದು ಪುಟ್ಟಪ್ಪ ಅವನನ್ನು ಕೂರಿಸಿದರು.

ಕಳ್ಳನ ಪಾತ್ರದ ಶೇಖರ್, ಚೆಕ್‌ಪೋಸ್ಟಿನ ಅಭ್ಯಾಸದಂತೆ, ರಾಣಿಗೆ ಒಂದು ಟೀ ಕುಡಿಸಿ ಹೋಗಿಬಿಡೋಣ ಎಂದ. ರಾಣಿ ಟೀ ಕುಡಿಯುವುದಿಲ್ಲ ಎಂದು ಹೆಂಗಸರೇ ತಳ್ಳಿಹಾಕಿದರು. ಮಾಂತ್ರಿಕಳ ಪಾತ್ರದ ಮೇನಕಾ, "ಯಾಕವಸ್ರ ಪಡ್ತೀರಾ. ಕಣಿವೆ ತಂಪಾಗೈತೆ. ಇನ್ನೊಂದ್ ವರ್ಸ ಇಲ್ಲೇ ಇದ್ಬಿಡಣ," ಎಂದಳು. ಶೇಖರ್ ಹಣೆ ಚಚ್ಚಿಕೊಂಡ.

ಮುತ್ತುಸ್ವಾಮಿ ಬರುವ ಹೊತ್ತಾಗುತ್ತಿತ್ತು. ಅಶ್ವತ್ಥ ಕಣ್ಣು ಮುಚ್ಚಿ ಗಡಬಡಿಸಿ ಹೇಳಿಬಿಟ್ಟ: "ರಾಣಿಗೆ ಜ್ವರ ಬಂತು. ಸತ್ತೋದ್ಲು. ದಾರಿ ಬಿಡ್ತು. ಕತೆ ಮುಗೀತು."

ಪುಟ್ಟಪ್ಪ ಊರುಗೋಲನ್ನು ನೆಲಕ್ಕೆ ಕುಟ್ಟಿದರು.

"ಈಗ್ತಾನೆ ಗಟ್ಟಿಯಾಗಿ ನಿಂತಿದ್ಲು, ಅದೆಂಗ್ ಸಾಯ್ತಾಳೆ? ಕತ್ತಿಗಿಂತ ಮಾತು ಮೇಲು ಅಂತ ನೀನೇ ಬರ್ದಿದೀಯ. ಜ್ವರ ಏನ್ ಮಾತಾ? ಎಬ್ಬಿಸು ಅವ್ಳನ್ನ."

ಒಂದು ವಾರದ ಹಿಂದಾಗಿದ್ದರೆ ಇಂಥ ಒಬ್ಬ ಆಟಗಾರನಿಗಾಗಿ ಅಶ್ವತ್ಥ ಮಾರಮ್ಮನಿಗೆ ಹರಕೆ ಹೊರುತ್ತಿದ್ದ. ಈಗ ರಾಣಿಯನ್ನು ಬದುಕಿಸಿ ಎಬ್ಬಿಸಿ ನಿಲ್ಲಿಸಿದ.

ಆಗ ಕಾರು ಬಂದು ನಿಂತಿತು. ಮುತ್ತುಸ್ವಾಮಿ ಇಳಿದರು, ಹಿಂದೆಯೇ ಇಂದುಜಾ. ಮಂಜುಳಮ್ಮ ನೀರಿನ ಚೆಂಬು ಹಿಡಿದು ಓಡಿದರು. ಮುತ್ತುಸ್ವಾಮಿ ಚೆಂಬು ತೆಗೆದುಕೊಳ್ಳುವ ಮುಂಚೆ ಅಳಿಯನಾಗುವವನ ಕೈ ನೋಡಿದರು. ದಾರ ಅಲ್ಲೇ ಇತ್ತು.

"ಸರಿ ಇಂದೂ, ನಡಿ. ಕಾರಲ್ಲಿ ಕೂತ್ಕ," ಎಂದರು.

ಇಂದುಜಾ ಕದಲಲಿಲ್ಲ. ಬೀದಿಯಲ್ಲಿ ನಿಂತೇ ಫ್ಲೆಕ್ಸ್ ಪೂರ್ತಿ ಓದಿದಳು. ಆಮೇಲೆ ಪುಟ್ಟಪ್ಪನವರನ್ನು ಕೇಳಿದಳು: "ಎಲ್ಲಿಗ್ ಬಂದೈತೆ ಕತೆ?"

"ರಾಣಿ ದಾರಿ ಬಿಡ್ತಾ ಇಲ್ಲಮ್ಮ. ಇವ್ರಿಗ್ಯಾರಿಗೂ ಕೇಳೋ ಕ್ರಮ ಗೊತ್ತಿಲ್ಲ."

"ನಾ ಕೇಳ್ಲಾ?"

ಪುಟ್ಟಪ್ಪ ಗಡ್ಡ ಕೆರೆದುಕೊಂಡರು. "ಕಾಪಿಲ್ದೆ ಆಡಂಗಿಲ್ಲಮ್ಮ."

ಇಂದುಜಾ ಮೆಟ್ಟಿಲು ಹತ್ತಿ ಬಲಗೈ ಚಾಚಿದಳು. "ಕಟ್ಟಿ."

"ಇಂದೂ," ಎಂದು ಮುತ್ತುಸ್ವಾಮಿ ಗಾಬರಿಯಾದರು. "ಅದ್ನ ಕಟ್ಟಿಸ್ಕಂಡ್ರೆ ಮುಗಿಯೋಗಂಟ ನಿಂಗೂ ನಿಶ್ಚಯ ಇಲ್ಲ. ಓಮಲೂರಿನೋರ್ಗೂ ಕೊಡಂಗಿಲ್ಲ ಆಮೇಲೆ."

"ಅದಕ್ಕೇ ಕಟ್ಟಿ ಅಂತಿರೋದಪ್ಪ," ಎಂದಳು.

ಅವರೆಕಾಯಿ ಬಿಡಿಸುತ್ತಿದ್ದ ಕೈಗಳೆಲ್ಲ ನಿಂತವು. ಪುಟ್ಟಪ್ಪ ದಾರ ಕಟ್ಟಿದರು. ಮುತ್ತುಸ್ವಾಮಿ ಮಂಜುಳಮ್ಮನ ಕೈಯಿಂದ ಚೆಂಬು ಇಸಿದುಕೊಂಡು ಗಟಗಟ ಕುಡಿದರು.

"ನಿ... ನಿಮ್ ಪಾತ್ರ?" ಎಂದ ಅಶ್ವತ್ಥ.

"ವಿಚಾರಣೆಯವ್ಳು."

ಯಾವ ರಾಜ್ಯದಲ್ಲೂ ವಿಚಾರಣೆಗೊಬ್ಬರು ಇರಲೇಬೇಕೆಂದು ಪುಟ್ಟಪ್ಪ ಒಪ್ಪಿಗೆ ಕೊಟ್ಟರು. ಇಂದುಜಾ ಬೋರ್ಡಿನ ಈಚೆ ಕೂತಳು. ದಿನವೂ ಕೌಂಟರಿನಲ್ಲಿ ಅಳುವವರನ್ನೂ ಕೂಗಾಡುವವರನ್ನೂ ಕೂರಿಸಿ ಮಾತಾಡಿಸುವ ದನಿಯಲ್ಲೇ ಶುರುಮಾಡಿದಳು.

"ಮೊದ್ಲು ನೀವ್ ಕೂತ್ಕಳಿ ರಾಣಿಯಮ್ಮ. ಯಾವಾಗಿಂದ ನಿಂತಿದೀರಾ?"

"ಬಾಳ ದಿನದಿಂದ," ಎಂದು ಅಶ್ವತ್ಥ ಕೀರಲು ದನಿಯಲ್ಲಿ ಹೇಳಿ ಕೂತ. ಇಡೀ ಆಟದಲ್ಲಿ ಅವನು ಕೂತದ್ದು ಅದೇ ಮೊದಲು.

"ದಾರಿಗೆ ಯಾಕ್ ಅಡ್ಡ ನಿಂತ್ರಿ? ಏನ್ ತೊಂದ್ರೆ?"

ಈ ಪ್ರಶ್ನೆಗೆ ಅಶ್ವತ್ಥ ಉತ್ತರ ಸಿದ್ಧಪಡಿಸಿರಲಿಲ್ಲ. ಒಂದೂವರೆ ವರ್ಷದೊಳಗೆ ಯಾವಾಗಲಾದರೂ ಹೊಳೆಯುತ್ತದೆಂದು ಬಿಟ್ಟಿದ್ದ. ಬಾಯಿ ತೆರೆದ. ಬಂದದ್ದನ್ನು ರಾಣಿಯ ದನಿಯಲ್ಲೇ ಹೇಳಿದ.

"ಇಲ್ಲಿಗ್ ಬಂದೋರೆಲ್ಲ ನನ್ನ ನೋಡಿ ವಾಪಸ್ ಓಗ್ಬಿಡ್ತಾರೆ. ನಾಕ್ ಸಲ ಅಂಗಾಯ್ತು. ಅದಕ್ಕೆ, ಯಾರೂ ಬರೋದೇ ಬ್ಯಾಡ ಅಂತ ಅಡ್ಡ ನಿಂತೆ."

"ಮಾತಾಡ್ಸಿ ಓದ್ರಾ, ಮಾತಾಡ್ಸ್ದೇ ಓದ್ರಾ?"

"ಸಂಬ್ಳ ಎಷ್ಟು ಅಂತ ಕೇಳಿ ಓದ್ರು."

"ರಾಣಿಗ್ಯಾವ್ ಸಂಬ್ಳ?" ಎಂದು ನಾರಪ್ಪ ಬಾಯಿ ಹಾಕಿದ. ಪುಟ್ಟಪ್ಪ ಅವನ ಮೊಣಕಾಲಿಗೆ ಊರುಗೋಲು ಒತ್ತಿದರು. ಮಂಜುಳಮ್ಮ ಕಂಬ ಹಿಡಿದು ಆ ಕಡೆ ತಿರುಗಿಕೊಂಡರು. ಮುತ್ತುಸ್ವಾಮಿ ಖಾಲಿ ಚೆಂಬಿನೊಳಗೆ ನೋಡತೊಡಗಿದರು. ಸಂಬಳ ಅವರೂ ಕೇಳಿದ್ದರು.

"ಅವ್ರು ಓದ್ರು," ಎಂದಳು ಇಂದುಜಾ. "ನಾ ಓಗಿಲ್ಲ. ಬಂದ್ ಕೂತಿದೀನಿ. ದಾರಾನೂ ಕಟ್ಟಿಸ್ಕಂಡಿದೀನಿ. ಇನ್ನೇನ್ ಆಗ್ಬೇಕು ಯೋಳಿ."

ಅಶ್ವತ್ಥ ಅವಳ ಕೈಯ ದಾರವನ್ನೇ ನೋಡಿದ.

"ದಾಳ ಉರುಳ್ಸಣ್ಣ," ಎಂದು ಮೇನಕಾ ಪಿಸುಗುಟ್ಟಿದಳು.

"ದಾಳ ಯಾಕೆ. ಅವ್ನ ಮುಖ ನೋಡಿದ್ರೆ ಗೊತ್ತಾಗಲ್ವಾ," ಎಂದರು ಪುಟ್ಟಪ್ಪ.

"ದಾರಿ ಬಿಟ್ಟೆ," ಎಂದ ಅಶ್ವತ್ಥ.

ಪುಟ್ಟಪ್ಪ ಎದ್ದು, ಒಬ್ಬೊಬ್ಬರನ್ನೇ ಕರೆದು ಕಾಪು ಬಿಚ್ಚಿದರು. ದಾರಗಳನ್ನು ಬೇವಿನ ಬುಡಕ್ಕೆ ಹಾಕಿ ಕೈಮುಗಿದರು. ಮಂಜುಳಮ್ಮ ಒಳಗೆ ಹೋಗಿ ಅಕ್ಕಿ ಅಳೆದರು. ನಾರಪ್ಪ ಯಾರಿಗೂ ಹೇಳದೆ ಹೊಗೆನಕಲ್ ಬಸ್ಸು ಹಿಡಿಯಲು ಓಡಿದ. ಮುಂದಿನ ಕಥೆ ಯಾವಾಗ ಎಂದು ಮೇನಕಾ ಕೇಳುತ್ತಿದ್ದಳು. ಶೇಖರ್ ಅವಳ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋದ. ಮುತ್ತುಸ್ವಾಮಿ ಜಗಲಿಯ ಮೇಲೆ ಕೂತು, "ನಾಳೆ ಬರೋವಾಗ ಬ್ಯಾನರ್ ಬ್ಯಾಡ ಮಾಪ್ಳೆ," ಎಂದಷ್ಟೇ ಹೇಳಿದರು. ಅದನ್ನು ಕೇಳಿ ಅಶ್ವತ್ಥ ಫ್ಲೆಕ್ಸನ್ನು ಬಿಚ್ಚಿ ಸುತ್ತತೊಡಗಿದ.

ಅಡುಗೆಯಾಗುವ ತನಕ ಇಬ್ಬರೂ ಕೊಟ್ಟಿಗೆಯ ಹತ್ತಿರ ಮಾತಾಡಿಕೊಳ್ಳಲಿ ಎಂದು ಹಿರಿಯರು ಬಿಟ್ಟರು. ಎಮ್ಮೆ ಇಬ್ಬರನ್ನೂ ನೋಡಿತು.

"ನಾಳೆ ತಾಂಬೂಲಕ್ ಮುಂಚೆ ನಂದೂ ಒಂದ್ ಒಪ್ಪಂದ ಐತೆ," ಎಂದಳು ಇಂದುಜಾ.

ಊರಿಗೆಲ್ಲ ನಿರೀಕ್ಷೆಗಳನ್ನು ನಿಂತು ಹೇಳಿದವನು ಈಗ ತಾನು ಕೇಳಿಸಿಕೊಳ್ಳಲು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಎಮ್ಮೆಯ ಹಗ್ಗ ಹಿಡಿದುಕೊಂಡ.

"ನೋಡಕ್ ಬಂದಿದ್ ದಿನ ನೀವ್ ಎರಡೇ ಮಾತಾಡಿದ್ರಿ. ಸಕ್ರೆ ಸಾಕು ಅಂದ್ರಿ. ಬಸ್ ಎಷ್ಟೊತ್ತಿಗೆ ಅಂದ್ರಿ. ಇವತ್ತು ಆ ರಾಣಿ ನನ್ನತ್ರ ಮಾತಾಡಿದ್ಲಲ್ಲ, ಅಂಗೆ ನೀವು ಮನೇಲೂ ಮಾತಾಡ್ಬೇಕು. ಬ್ಯಾರೆ ಏನೂ ಬ್ಯಾಡ ನಂಗೆ."

"ಸರಿ," ಎಂದ ಅಶ್ವತ್ಥ. ಅದು ರಾಣಿಯ ಕೀರಲು ದನಿಯಲ್ಲೇ ಬಂತು.

ಇಂದುಜಾ ನಕ್ಕಳು. "ಇದಲ್ಲ. ನಿಮ್ ದನೀಲಿ."

ಅಶ್ವತ್ಥ ಎಮ್ಮೆಯ ಹಗ್ಗಕ್ಕೆ ಒಂದು ಗಂಟು ಹಾಕಿ ಬಿಚ್ಚಿದ. ಅವಳು ಕಾದಳು. ಕೌಂಟರಿನಲ್ಲಿ ಕಾಯುವುದು ಅವಳಿಗೆ ಅಭ್ಯಾಸ.

"ನೀವೂ ಓಗ್ಬಿಡ್ತೀರಾ ಅಂತ ಭಯ ಆಗಿತ್ತು," ಎಂದ ಕೊನೆಗೆ. "ವಾರದಿಂದ ಅನ್ನ ಸೇರ್ಲಿಲ್ಲ."

"ಊಂ," ಎಂದಳು ಇಂದುಜಾ. "ಈಗ ಸೇರ್ತೈತೆ. ನಡೀರಿ, ನಿಮ್ಮಮ್ಮ ಎಲೆ ಆಕಿ ಕರೀತಾವ್ರೆ."